ವಿಜ್ಞಾನಕ್ಕೆ ಕನ್ನಡ ಬರುವುದಿಲ್ಲವೇ?



ಫೆಬ್ರವರಿ ಬಂತೆಂದರೆ ನನ್ನ ಪ್ರೆಸ್ಸಿಗೆ ಒಂದು ಕೆಲಸ ಗ್ಯಾರಂಟಿ. 28ನೇ ತಾರೀಖು ರಾಷ್ಟ್ರೀಯ ವಿಜ್ಞಾನ ದಿನ, 1928ರ ರಾಮನ್ ಶೋಧದ ನೆನಪು. ಕಾಲೇಜಿನವರು ಆಹ್ವಾನಪತ್ರಿಕೆ ಹಿಡಿದು ಬರುತ್ತಾರೆ. 'ಸಾರ್ವಜನಿಕರಿಗೆ ಆದರದ ಸ್ವಾಗತ' ಎಂಬ ಸಾಲೂ ಇಂಗ್ಲಿಷಿನಲ್ಲಿ! ಯಾವ ಸಾರ್ವಜನಿಕರು ಸ್ವಾಮಿ, ಲಂಡನ್ನಿನವರೇ? ಕೇಳಿದರೆ, "ಸೈನ್ಸ್ ಅಲ್ವಾ ಸಾರ್, ಕನ್ನಡದಲ್ಲಿ ಕಷ್ಟ" ಎನ್ನುತ್ತಾರೆ.

ಕಷ್ಟ ಯಾರಿಗೆ?

ಕೆ.ಆರ್. ಪೇಟೆ ತಾಲ್ಲೂಕಿನ ಮಾಕವಳ್ಳಿಗೆ ಬನ್ನಿ. ಅಲ್ಲಿ ಸಕ್ಕರೆ ಕಾರ್ಖಾನೆ ಇದೆ, ಸುತ್ತ ಕಬ್ಬಿನ ಗದ್ದೆ ಇದೆ. ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಂತವನನ್ನು ಕೇಳಿ. ಕಬ್ಬಿನ ಹಾಲಿಗೆ ಸುಣ್ಣ ಯಾಕೆ, ಬೆಂಡೆಗಿಡದ ಲೋಳೆ ಯಾಕೆ, ಯಾವ ಹದಕ್ಕೆ ಪಾಕ ಇಳಿಸಬೇಕು, ಎಲ್ಲ ಹೇಳುತ್ತಾನೆ. ಕಾರ್ಖಾನೆಯೂ ಸುಣ್ಣ ಹಾಕಿಯೇ ಹುಳಿ ಮುರಿದು ಕೊಳೆ ತೆಗೆಯುವುದು. ಆಮೇಲೆ ಮುಚ್ಚಿದ ಪಾತ್ರೆಯಿಂದ ಗಾಳಿ ಹೀರಿ ಕುದಿಸುತ್ತಾರೆ. ಒತ್ತಡ ಇಳಿದರೆ ಕಡಿಮೆ ಕಾವಿನಲ್ಲೇ ಕುದಿ ಬರುತ್ತದೆ, ಸಕ್ಕರೆ ಸೀಯುವುದಿಲ್ಲ. ಹೇಳಿದೆನಲ್ಲ, ಕನ್ನಡದಲ್ಲೇ! ಪಿಯುಸಿ ಓದಿದ ಪ್ರೆಸ್ಸಿನವನಿಗೆ ಆಗುವುದು ಡಾಕ್ಟರೇಟ್ ಪಡೆದವರಿಗೆ ಆಗದೇ?

ಹಿಂದಿನವರಿಗೆ ಆಗಿತ್ತು. ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲೇ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆ ತಂದರು. 1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಹಳ್ಳಿಗಳಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಕೊಟ್ಟರು. ಆ ಮಾತುಗಳೇ ಚಿಕ್ಕ ಪುಸ್ತಕಗಳಾಗಿ ಅಚ್ಚಾದವು. ಕಾರಂತರು ಒಬ್ಬರೇ ಕೂತು 'ವಿಜ್ಞಾನ ಪ್ರಪಂಚ' ಬರೆದರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ' ಎಷ್ಟು ಹಳ್ಳಿ ಮೇಷ್ಟ್ರುಗಳ ಕೈಯಲ್ಲಿ ಓಡಾಡಿತು! ಪಕ್ಕದ ಕೇರಳದವರು 1962ರಲ್ಲಿ ಶಾಸ್ತ್ರ ಸಾಹಿತ್ಯ ಪರಿಷತ್ತು ಕಟ್ಟಿ, ಮಲಯಾಳದಲ್ಲೇ ಹಾಡು, ಬೀದಿ ನಾಟಕ ಮಾಡಿಕೊಂಡು ಊರೂರು ತಿರುಗಿದರು. ಅವರ ವಿಜ್ಞಾನವೇನು ಮೈಲಿಗೆಯಾಯಿತೇ?

ವಿಜ್ಞಾನಿ ಬಾಯಿ ಮುಚ್ಚಿದರೆ ಏನಾಗುತ್ತದೆ ಗೊತ್ತೇ? 2019ರ ಡಿಸೆಂಬರ್ 26, ಸೂರ್ಯಗ್ರಹಣ. ಕಲಬುರಗಿ ಬಳಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ತಿಪ್ಪೆಮಣ್ಣಿನಲ್ಲಿ ಹೂತು ನಿಲ್ಲಿಸಿದರು, ವಾಸಿಯಾಗುತ್ತದೆಂದು! ಆ ತಾಯಂದಿರನ್ನು ಬೈಯುವುದು ಸುಲಭ. ಗ್ರಹಣದ ದಿನ ಟಿವಿಯಲ್ಲಿ ಕೂರುವ ಜ್ಯೋತಿಷಿಯ ಕನ್ನಡ ಕೇಳಿದ್ದೀರಾ? ಬೆಣ್ಣೆಯಂತಿರುತ್ತದೆ. ಅಜ್ಜಿಗೂ ಅರ್ಥ, ಮೊಮ್ಮಗನಿಗೂ ಅರ್ಥ. ಆ ತಾಯಿಗೆ ಅವಳ ಮಾತಿನಲ್ಲಿ ವಿವರಿಸಬೇಕಾದವರು ಹವಾನಿಯಂತ್ರಿತ ಸಭಾಂಗಣದಲ್ಲಿ ತಮ್ಮತಮ್ಮವರಿಗೇ ಇಂಗ್ಲಿಷ್ ಪಾಠ ಹೇಳುತ್ತಿರುತ್ತಾರೆ.

ನಮ್ಮವರ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ಬೋರ್ಡಿಗೆ ಮಸಿ ಬಳಿಯುತ್ತೇವೆ, ನವೆಂಬರಿನಲ್ಲಿ ಆರ್ಕೆಸ್ಟ್ರಾ ಇಡುತ್ತೇವೆ. ಒಂದು ರಟ್ಟಿಗೆ ಸೂಜಿಯಲ್ಲಿ ತೂತು ಮಾಡಿ, ಗ್ರಹಣದ ಸೂರ್ಯನನ್ನು ಶಾಲೆಯ ಗೋಡೆಯ ಮೇಲೆ ತೋರಿಸಿದ ಕನ್ನಡ ಸಂಘ ಎಷ್ಟಿದೆ?

ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ತಮ್ಮಂದಿರೇ, ತಂಗಿಯರೇ, ಹಬ್ಬಕ್ಕೆ ಊರಿಗೆ ಬಂದಾಗ ಒಂದು ಸಂಜೆ ಅರಳಿಕಟ್ಟೆಯಲ್ಲಿ ಕೂರಿ. ಓದಿದ್ದನ್ನು ನಿಮ್ಮ ಅಜ್ಜಿಗೆ ಹೇಳುವಂತೆ ಹೇಳಿ. ಪದ ಸಿಗದಿದ್ದರೆ ಅಲ್ಲಿದ್ದವರನ್ನೇ ಕೇಳಿ, ಕೊಡುತ್ತಾರೆ. ಆಹ್ವಾನಪತ್ರಿಕೆ ನಾನು ಪುಕ್ಕಟೆ ಅಚ್ಚು ಹಾಕಿಕೊಡುತ್ತೇನೆ, ಕಾಗದವೂ ನನ್ನದೇ. ಬರೆದು ತರುವ ಪ್ರತಿ ಮಾತ್ರ ಕನ್ನಡದಲ್ಲಿರಲಿ.