ದಿವಾಳಿ ಅರ್ಜಿ: ಭಯಕ್ಕಿಂತ ಮಾಹಿತಿ ಬೇಕು



ಈರುಳ್ಳಿ ದರ ಕುಸಿದು, ಕೊಳವೆಬಾವಿಯೂ ಕೈಕೊಟ್ಟರೆ ಕಡೂರು, ತರೀಕೆರೆ, ಅಜ್ಜಂಪುರದ ಸಾಲಗಾರರ ಮನೆಗಳಲ್ಲಿ ಏಳುವ ಪ್ರಶ್ನೆ ಒಂದೇ: ದಿವಾಳಿ ಅರ್ಜಿ ಹಾಕಿದರೆ ಮನೆ, ಎತ್ತು ಹೋಗುತ್ತವೆಯೇ? ವಾರದ ಕಂತಿನವರಂತೂ ಹೊಸ್ತಿಲಲ್ಲಿ ನಿಂತು ಜೈಲಿನ ಮಾತೇ ಆಡುತ್ತಾರೆ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಪ್ರಕಾರ ಬೇಸಾಯಗಾರನ ವಾಸದ ಮನೆ, ಉಳುವ ಎತ್ತು, ನೇಗಿಲು, ಅಡುಗೆ ಪಾತ್ರೆ, ಹೆಂಡತಿಯ ಕೊರಳ ತಾಳಿ ಜಪ್ತಿಯಾಗುವುದಿಲ್ಲ. ದಿವಾಳಿಯಾದರೂ ಅಷ್ಟೇ. ಆದರೆ ಅಡವಿಟ್ಟ ಆಸ್ತಿಗೆ ಈ ರಕ್ಷಣೆ ಇಲ್ಲ. ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ತೀರಿಸುವ ಶಕ್ತಿಯೇ ಇಲ್ಲದವನನ್ನು ಬರೀ ಸಾಲಕ್ಕಾಗಿ ಜೈಲಿಗೆ ತಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. ಬಲವಂತದ ವಸೂಲಿ ತಡೆಯಲು ರಾಜ್ಯ 2025ರಲ್ಲಿ ಕಾನೂನನ್ನೂ ತಂದಿತು.

ಅರ್ಜಿ ಹೋಗಬೇಕಾದದ್ದು ಜಿಲ್ಲಾ ನ್ಯಾಯಾಲಯಕ್ಕೆ, 1920ರ ಪ್ರಾಂತೀಯ ದಿವಾಳಿ ಕಾಯ್ದೆಯಡಿ. ಅದರಲ್ಲಿ ಸಾಲದ ಕನಿಷ್ಠ ಮಿತಿ ಇಂದಿಗೂ 500 ರೂಪಾಯಿ! ಬ್ರಿಟಿಷರ ಕಾಲದ ಲೆಕ್ಕ. ಸರ್ಕಾರಿ ಬಾಕಿ, ಮೋಸದಿಂದ ಮಾಡಿದ ಸಾಲ ಇದರಿಂದ ಮನ್ನಾ ಆಗುವುದಿಲ್ಲ. 2016ರ ದಿವಾಳಿ ಸಂಹಿತೆಯಲ್ಲಿ ಬಡವರ ಸಣ್ಣ ಸಾಲಕ್ಕೆಂದು ಸರಳ ದಾರಿಯೊಂದಿದೆ. ಅದಿನ್ನೂ ಜಾರಿಗೇ ಬಂದಿಲ್ಲ. ಕಂಪನಿಗಳಿಗಾದರೆ ಅವಸರ, ನಮಗೆ ಮಾತ್ರ ನಿಧಾನ.

ಮೂರೂ ತಾಲ್ಲೂಕಿಗೆ ತರೀಕೆರೆಯಲ್ಲೇ ಉಪವಿಭಾಗಾಧಿಕಾರಿ ಇದ್ದಾರೆ. ಕಾನೂನು ಸೇವಾ ಸಮಿತಿಯವರನ್ನು ಕೂರಿಸಿಕೊಂಡು ಸಂತೆಯ ದಿನ ಒಂದು ಮೇಜು ಹಾಕಿಸಲಿ, ಕನ್ನಡದಲ್ಲೇ ಅರ್ಜಿ ನಮೂನೆ ಕೊಡಿಸಲಿ.

– ಒಬ್ಬ ಓದುಗ, ಅಜ್ಜಂಪುರ