ಅಂದಾಜು ನಮ್ಮದು, ಡೆಡ್‌ಲೈನ್ ಅವರದ್ದು: ‘ಅಜೈಲ್’ ಕಂಪನಿಗಳ ಒಳಗುಟ್ಟು

2025ರ ಜುಲೈನಲ್ಲಿ ಟಿಸಿಎಸ್ ತನ್ನ ಉದ್ಯೋಗಿಗಳಲ್ಲಿ ಶೇ 2ರಷ್ಟು, ಅಂದರೆ ಸುಮಾರು 12 ಸಾವಿರ ಮಂದಿಯನ್ನು ಕೈಬಿಡುವುದಾಗಿ ಹೇಳಿತು. ಹೆಚ್ಚಿನವರು ಮಧ್ಯಮ ಮತ್ತು ಹಿರಿಯ ಹಂತದವರು. ಕೆಲಸ ಮಾಡುವ ರೀತಿಯೇ ಬದಲಾಗುತ್ತಿದೆ, ಕಂಪನಿ ಫ್ಯೂಚರ್-ರೆಡಿಯೂ ಅಜೈಲೂ ಆಗಬೇಕು ಅನ್ನೋ ಅರ್ಥದಲ್ಲಿ ಸಿಇಒ ಕೆ. ಕೃತಿವಾಸನ್ ಮಾತನಾಡಿದರು. ಚರ್ಚೆಯೆಲ್ಲ ಎಐ ಸುತ್ತಲೇ ಗಿರಕಿ ಹೊಡೆಯಿತು. ನನ್ನ ಕಣ್ಣು ನಿಂತಿದ್ದು ಆ ‘ಅಜೈಲ್’ ಮೇಲೆ. ಯಾಕಂದ್ರೆ 2020ರ ಹೊತ್ತಿಗೆ ಪೂರ್ತಿ ಅಜೈಲ್ ಆಗಬೇಕು ಅಂತ ಇದೇ ಕಂಪನಿ ಹಿಂದೆಯೇ ಗುರಿ ಹಾಕಿಕೊಂಡಿತ್ತು.

ಐಟಿ ಹೊರಗಿನವರಿಗೆ ಸ್ವಲ್ಪ ಹಿನ್ನೆಲೆ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ 17 ಮಂದಿ ಸಾಫ್ಟ್‌ವೇರ್ ಜನ ಸೇರಿ ಒಂದು ಪ್ರಣಾಳಿಕೆ ಬರೆದರು. ಮೊದಲೇ ದಪ್ಪ ಪ್ಲ್ಯಾನ್ ಬರೆದಿಟ್ಟು, ಅದರ ಪ್ರಕಾರವೇ ಕೊನೆತನಕ ನಡೆಯುವ ಪದ್ಧತಿ ಅವರಿಗೆ ಸಾಕಾಗಿತ್ತು. ಬದಲಿಗೆ ಅವರು ಹೇಳಿದ್ದು: ಕಂತು ಕಂತಾಗಿ ಕೆಲಸ ಮುಗಿಸಿ ಕೊಡಿ, ಬಳಸುವವರು ಏನಂತಾರೆ ಕೇಳಿ, ಆಮೇಲೆ ಮುಂದಿನ ಹೆಜ್ಜೆ ಇಡಿ. ಎರಡು-ಮೂರು ವಾರದ ಅಂಥ ಕಂತಿಗೆ ಈಗ ಸ್ಪ್ರಿಂಟ್ ಅಂತಾರೆ. ಪ್ರಣಾಳಿಕೆ ಜೊತೆ 12 ತತ್ವಗಳಿದ್ದವು. ಅವುಗಳಲ್ಲಿ ಎರಡನ್ನು ಮ್ಯಾನೇಜ್‌ಮೆಂಟ್ ಸ್ಲೈಡ್‌ಗಳಲ್ಲಿ ನಾನು ಕಂಡಿದ್ದು ಅಪರೂಪ. ಒಂದು, ತಂಡ ತನ್ನನ್ನು ತಾನೇ ಸಂಘಟಿಸಿಕೊಳ್ಳಬೇಕು. ಇನ್ನೊಂದು, ಕೆಲಸದ ವೇಗ ಎಷ್ಟು ಕಾಲವಾದರೂ ದಣಿಯದೆ ನಡೆಸಿಕೊಂಡು ಹೋಗುವಂತಿರಬೇಕು.

ಪತ್ರಿಕೋದ್ಯಮಕ್ಕೆ ಬರುವ ಮೊದಲು ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಕೋಡ್ ಬರೀತಿದ್ದೆ. ಪ್ರತಿ ಕೆಲಸದ ಗಾತ್ರವನ್ನು ತಂಡವೇ ಅಂದಾಜು ಮಾಡೋದು ಅಲ್ಲಿನ ರೂಢಿ: 1, 2, 3, 5, 8, 13 ಅಂತ ಸ್ಟೋರಿ ಪಾಯಿಂಟ್. ಒಂದ್ಸಲ ನಾವು ಐದೂ ಜನ ಒಂದು ಕೆಲಸಕ್ಕೆ 8 ಅಂದೆವು. ಮ್ಯಾನೇಜರ್ ನಗ್ತಾನೇ, “ಎಂಟು ಯಾಕ್ರಪ್ಪಾ? ಐದು ಹಾಕಿ. ಕ್ಲೈಂಟ್‌ಗೆ ಆಗಲೇ ಡೇಟ್ ಕೊಟ್ಟಾಗಿದೆ” ಅಂದರು. ಐದು ಹಾಕಿದೆವು. ಕೆಲಸ ಎಂಟರಷ್ಟೇ ಇತ್ತು. ಉಳಿದ ಮೂರನ್ನು ಶನಿವಾರ ಬಂದು ಮುಗಿಸಿದೆವು. ಮುಂದಿನ ಸ್ಪ್ರಿಂಟ್‌ಗೆ “ಹೋದ್ಸಲ ಆಯ್ತಲ್ಲ” ಅನ್ನೋದೇ ಅಳತೆಗೋಲಾಯಿತು. ಮ್ಯಾನೇಜರ್ ಕೆಟ್ಟವರೇನಲ್ಲ, ಅವರನ್ನು ಅಳೆಯೋಕೂ ಮೇಲೊಂದು ಡ್ಯಾಶ್‌ಬೋರ್ಡ್ ಇತ್ತು.

ಅಂದಾಜು ತಂಡದ್ದು, ಡೆಡ್‌ಲೈನ್ ಬೇರೆಯವರದ್ದು ಅಂತಾದರೆ ಆ ಅಂದಾಜು ನಮ್ಮ ಕೈಯಿಂದಲೇ ಬರೆಸಿಕೊಂಡ ಮುಚ್ಚಳಿಕೆ ಆಗಿಬಿಡುತ್ತೆ. ಅಜೈಲ್‌ನ ಮೂಲ ಲೆಕ್ಕ ಸರಳ: ಜನ ಮತ್ತು ಸಮಯ ನಿಗದಿಯಾದರೆ ಕೆಲಸದ ಪಟ್ಟಿ ಸಡಿಲ ಇರಬೇಕು. ಫಿಕ್ಸೆಡ್-ಪ್ರೈಸ್ ಒಪ್ಪಂದಗಳಲ್ಲಿ ಬೆಲೆ, ದಿನಾಂಕ, ಪಟ್ಟಿ ಮೂರೂ ಮೊದಲೇ ನಿಗದಿ. ಇನ್ನು ಎಳೆಯೋಕೆ ಉಳಿಯೋದು ಉದ್ಯೋಗಿಯ ಸಂಜೆ ಮತ್ತು ಶನಿವಾರ.

ಇದನ್ನೇ ಇಡೀ ಸಂಸ್ಥೆಗೆ ಹಚ್ಚಿದರೆ? ನೆದರ್ಲೆಂಡ್ಸ್‌ನ ಐಎನ್‌ಜಿ ಬ್ಯಾಂಕ್ 2015ರಲ್ಲಿ ತನ್ನ ಕೇಂದ್ರ ಕಚೇರಿಯ ಸುಮಾರು 3,500 ಜನರನ್ನು ಒಂಬತ್ತೊಂಬತ್ತು ಮಂದಿಯ ‘ಸ್ಕ್ವಾಡ್’ಗಳಾಗಿ ಮರುಜೋಡಿಸಿತು. ಎಲ್ಲರೂ ತಮ್ಮದೇ ಬ್ಯಾಂಕಿನಲ್ಲಿ ಕೆಲಸಕ್ಕೆ ಮತ್ತೆ ಅರ್ಜಿ ಹಾಕಬೇಕಾಯಿತು, ಆಯ್ಕೆಯಲ್ಲಿ ಅನುಭವಕ್ಕಿಂತ ಮನೋಭಾವಕ್ಕೆ ಹೆಚ್ಚು ತೂಕ. ಫಲ ಸಿಗಲಿಲ್ಲ ಅಂತಲ್ಲ. ವರ್ಷಕ್ಕೆ ಐದಾರು ಸಲ ಬರುತ್ತಿದ್ದ ಸಾಫ್ಟ್‌ವೇರ್ ಎರಡು-ಮೂರು ವಾರಕ್ಕೊಮ್ಮೆ ಬರತೊಡಗಿತು. 2016ರ ಅಕ್ಟೋಬರ್‌ನಲ್ಲಿ ಅದೇ ಬ್ಯಾಂಕ್, ಮುಖ್ಯವಾಗಿ ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್‌ನಲ್ಲಿ, 7,000 ಹುದ್ದೆ ಕಡಿತ ಘೋಷಿಸಿತು. ಎರಡೂ ನಿಜವೇ. ಆದರೆ ನೆದರ್ಲೆಂಡ್ಸ್‌ನಲ್ಲಿ ಇಂಥ ದೊಡ್ಡ ಮರುಸಂಘಟನೆಗೆ ಮೊದಲು ಉದ್ಯೋಗಿಗಳ ಮಂಡಳಿಯ ಅಭಿಪ್ರಾಯ ಕೇಳಬೇಕು ಅಂತ ಕಾನೂನೇ ಇದೆ. ನಮ್ಮಲ್ಲಿ ಬರೋದು ಎಚ್‌ಆರ್‌ನಿಂದ ಒಂದು ಮೀಟಿಂಗ್ ಇನ್ವೈಟ್.

ನಾವು ಬೋರ್ಡ್ ಮೇಲೆ ಚೀಟಿ ಸರಿಸ್ತೀವಲ್ಲ, ಆ ಕಾನ್‌ಬಾನ್ ಬಂದಿದ್ದು ಟೊಯೊಟಾ ಕಾರ್ಖಾನೆಯಿಂದ. ಅಲ್ಲಿ ಇನ್ನೊಂದು ವ್ಯವಸ್ಥೆಯೂ ಇತ್ತು, ಆಂಡಾನ್ ಹಗ್ಗ. ದೋಷ ಕಂಡ ಕಾರ್ಮಿಕ ಹಗ್ಗ ಎಳೆದರೆ ಮೇಲ್ವಿಚಾರಕ ಓಡಿ ಬರಬೇಕು, ಸರಿಹೋಗದಿದ್ದರೆ ಲೈನೇ ನಿಲ್ಲುತ್ತೆ. ಐಟಿಗೆ ಚೀಟಿ ಬಂತು, ಹಗ್ಗ ಬರಲಿಲ್ಲ. ಹಾಗಂತ ಟೊಯೊಟಾವನ್ನು ಹೊಗಳೋಕೆ ಹೊರಟಿಲ್ಲ. 2020ರ ನವೆಂಬರ್‌ನಲ್ಲಿ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಮುಷ್ಕರ, ಲಾಕೌಟ್ ಶುರುವಾಗಿ ತಿಂಗಳುಗಟ್ಟಲೆ ನಡೆಯಿತು. ಹೆಚ್ಚಿದ ಕೆಲಸದ ಒತ್ತಡ ಕಾರ್ಮಿಕರ ಮುಖ್ಯ ದೂರಾಗಿತ್ತು. ವ್ಯತ್ಯಾಸ ಇಷ್ಟೇ: ಲೈನ್ ಎಷ್ಟು ವೇಗವಾಗಿ ಓಡಬೇಕು ಅನ್ನೋದನ್ನು ಅಲ್ಲಿ ಯೂನಿಯನ್ ಪ್ರಶ್ನಿಸಿತು. ಅಲ್ಲಿಂದ ಬೆಂಗಳೂರಿಗೆ ಒಂದು ಗಂಟೆ ದಾರಿ. ಇಲ್ಲಿನ ಆಫೀಸುಗಳಲ್ಲಿ ಸ್ಪ್ರಿಂಟ್‌ನ ವೇಗದ ಬಗ್ಗೆ ಅಂಥದ್ದೊಂದು ಜಗಳ ನಡೆದಿದ್ದನ್ನು ನಾನು ನೋಡಿಲ್ಲ.

ಅದಕ್ಕೆ ಸರ್ಕಾರದ ಪಾಲೂ ಇದೆ. ಕೆಲಸದ ಷರತ್ತುಗಳನ್ನು ಬರಹದಲ್ಲಿ ನಿಗದಿ ಮಾಡಿಸುತ್ತಿದ್ದ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಉದ್ಯಮಕ್ಕೆ ಕೊಟ್ಟಿದ್ದ ವಿನಾಯಿತಿಯನ್ನು ಕರ್ನಾಟಕ ಸರ್ಕಾರ 2024ರಲ್ಲಿ ಮತ್ತೆ ಐದು ವರ್ಷ ವಿಸ್ತರಿಸಿತು. ಅದೇ ವರ್ಷದ ಜುಲೈನಲ್ಲಿ ದಿನಕ್ಕೆ 14 ಗಂಟೆ ದುಡಿಸಲು ಅವಕಾಶ ಕೊಡುವ ಪ್ರಸ್ತಾವ ಚರ್ಚೆಗೆ ಬಂತು. ಐಟಿ ನೌಕರರ ಸಂಘ ಕೆಐಟಿಯು ಅದನ್ನು ಗಟ್ಟಿಯಾಗಿ ವಿರೋಧಿಸಿತು. 14 ಗಂಟೆಯ ದಿನವನ್ನು ದಣಿಯದೆ ಎಷ್ಟು ಕಾಲ ನಡೆಸಬಹುದು ಅಂತ ಈ ಕಂಪನಿಗಳ ಅಜೈಲ್ ಕೋಚ್‌ಗಳನ್ನು ಯಾರೂ ಕೇಳಿದಂತಿಲ್ಲ. ಕೇಳಿದ್ದರೆ ಅವರ ಹತ್ತಿರವೇ ಉತ್ತರ ಇತ್ತು, 2001ರಿಂದ.

ಅಜೈಲ್ ಬೇಡ ಅಂತ ನಾನು ಹೇಳಲ್ಲ. ಹಳೇ ಪದ್ಧತಿಯ ದಪ್ಪ ಪ್ಲ್ಯಾನ್‌ಗಳಿಗೆ ವಾಪಸ್ ಹೋಗೋ ಆಸೆ ನನ್ನ ಗೆಳೆಯರಲ್ಲಿ ಯಾರಿಗೂ ಇಲ್ಲ. ಕಂಪನಿ ಅಜೈಲ್ ಅಂತ ಹೇಳಿಕೊಂಡರೆ ಆ ಎರಡು ತತ್ವಗಳನ್ನೂ ಕೇಳಿ ಪಡೆಯೋಣ ಅಂತಷ್ಟೇ: ತಂಡ ಎಂಟು ಅಂದರೆ ಎಂಟು, ಡೇಟ್‌ಗೆ ಹೊಂದದಿದ್ದರೆ ಪಟ್ಟಿಯಿಂದ ಏನೋ ಹೊರಹೋಗಬೇಕು. ಒಬ್ಬೊಬ್ಬರೇ ಕೇಳಿದರೆ ಅಪ್ರೈಸಲ್‌ನಲ್ಲಿ ‘ಆಟಿಟ್ಯೂಡ್ ಸರಿಯಿಲ್ಲ’ ಅಂತ ಬರುತ್ತೆ, ಹಾಗಾಗಿ ಇಡೀ ತಂಡ ಒಟ್ಟಿಗೆ ಕೇಳಬೇಕು. ನಮ್ಮ ಆ ಶನಿವಾರದ ಮೂರು ಪಾಯಿಂಟ್ ಯಾವ ಟೂಲ್‌ನಲ್ಲೂ ದಾಖಲಾಗಲಿಲ್ಲ. ನಿಮ್ಮದನ್ನು ದಿನಾಂಕ, ಗಂಟೆ ಹಾಕಿ ಬರೆದಿಡಿ. ನಾಳೆ ಕಾರ್ಮಿಕ ಇಲಾಖೆಗೆ ದೂರು ಕೊಡೋ ಸಂದರ್ಭ ಬಂದರೆ ಕೈಯಲ್ಲಿ ಅದಾದರೂ ಇರಲಿ.