ಬೇಲಿಯ ಹೂಗಳಿಗೆ ಹೆಸರಿಲ್ಲವೇ?

ಕಳೆದ ಓಣಂ ಸಮಯದಲ್ಲಿ ನಮ್ಮ ಶಾಲೆಯ ಅಂಗಳದಲ್ಲಿ ಪೂಕ್ಕಳಂ ಸ್ಪರ್ಧೆ ನಡೆಯಿತು. ತರಗತಿಗೊಂದರಂತೆ ಹೂವಿನ ರಂಗವಲ್ಲಿಗಳು ಮೂಡಿದವು. ನೋಡಲು ಬಲು ಚೆಂದ. ಆದರೆ ಹೂಗಳೆಲ್ಲ ಪೇಟೆಯವು. ಗುಂಡ್ಲುಪೇಟೆಯ ಕಡೆಯಿಂದ ಲಾರಿಯೇರಿ ಬಂದ ಚೆಂಡುಹೂಗಳು. ಅಲ್ಲಿಯ ರೈತರೂ ನಮ್ಮ ಭಾಷಾಬಂಧುಗಳೇ. ಅವರ ವ್ಯಾಪಾರಕ್ಕೆ ನಮ್ಮ ಆಕ್ಷೇಪವಿಲ್ಲ. ನಮ್ಮನ್ನು ಯೋಚನೆಗೆ ಹಚ್ಚಿದ ಸಂಗತಿ ಬೇರೆ. ಆವರಣದ ಗೋಡೆಯ ಪಕ್ಕದಲ್ಲಿಯೇ ಕೆಂಪಗೆ ಹೂಬಿಟ್ಟು ನಿಂತಿದ್ದ ಗಿಡವನ್ನು ತೋರಿಸಿ ಇದರ ಹೆಸರೇನೆಂದು ಕೇಳಿದಾಗ, ಒಂಬತ್ತನೆಯ ತರಗತಿಯ ಮಕ್ಕಳು ಮುಖ ಮುಖ ನೋಡಿಕೊಂಡರು. ಒಬ್ಬಳು ಮಾತ್ರ "ಇಕ್ಸೋರ" ಎಂದಳು. ತಪ್ಪಲ್ಲ. ನರ್ಸರಿಯವರು ಹಾಗೆಯೇ ಚೀಟಿ ಅಂಟಿಸಿರುತ್ತಾರೆ. ಆದರೆ ಅದು ನಮ್ಮ ಕೇಪುಳ.

ಕೇಪುಳವೆಂದರೆ ನಮ್ಮ ತಲೆಮಾರಿನವರಿಗೆ ಬರಿಯ ಹೂವಲ್ಲ. ಗುಡ್ಡದ ದಾರಿಯಲ್ಲಿ ಶಾಲೆಗೆ ನಡೆಯುವಾಗ ಅದರ ನೀಳ ಹೂವಿನ ಎಳೆಯನ್ನು ಮೆಲ್ಲನೆ ಎಳೆದು ತುದಿಯ ಜೇನ ಹನಿಯನ್ನು ನಾಲಗೆಗೆ ಮುಟ್ಟಿಸುತ್ತಿದ್ದೆವು. ಹಣ್ಣಾದಾಗ ಹಣ್ಣಿಗೂ ಬಿಡುವಿರಲಿಲ್ಲ. ಹೊಟ್ಟೆ ಕೆಟ್ಟರೆ ಅಜ್ಜಿ ಹೂವನ್ನು ಬಾಡಿಸಿ, ತೆಂಗಿನಕಾಯಿಯೊಡನೆ ಅರೆದು, ಮಜ್ಜಿಗೆ ಬೆರೆಸಿ ತಂಬುಳಿ ಮಾಡುತ್ತಿದ್ದರು. ನೆರೆಯ ಮಲಯಾಳಿ ಮನೆಯಲ್ಲಿ ಅದೇ ಹೂವು ತೆಂಗಿನೆಣ್ಣೆಯಲ್ಲಿ ಕುದಿದು ಕೂಸಿನ ಮೈಗೆ ಹಚ್ಚುವ ಎಣ್ಣೆಯಾಗುತ್ತಿತ್ತು. ಅವರು ಅದನ್ನು ಚೆಕ್ಕಿ ಎನ್ನುತ್ತಿದ್ದರು. ದೇವಿಯ ಪೂಜೆಗೂ ಅದೇ, ತೆಯ್ಯಂನ ಶೃಂಗಾರಕ್ಕೂ ಅದೇ. ಭಾಷೆ ಎರಡು, ಗಿಡ ಒಂದೇ.

ನೆಕ್ಕರಿಕದ ಮಾತೂ ಹಾಗೆಯೇ. ಅದರ ಕುಡಿಯಿಂದ ತಂಬುಳಿ. ಹಣ್ಣು ತಿಂದರೋ ನಾಲಗೆಯೆಲ್ಲ ಕಪ್ಪು, ಮನೆಯಲ್ಲಿ ಸುಳ್ಳು ಹೇಳುವಂತಿಲ್ಲ! ಸಸ್ಯಶಾಸ್ತ್ರದಲ್ಲಿ ಅದಕ್ಕಿರುವ ಮೆಲಾಸ್ಟೋಮ ಎಂಬ ಹೆಸರಿನ ಅರ್ಥವೂ ಗ್ರೀಕ್ ಭಾಷೆಯಲ್ಲಿ 'ಕಪ್ಪು ಬಾಯಿ' ಎಂದೇ. ವಿದ್ವಾಂಸರೂ ಹಣ್ಣು ತಿಂದೇ ಹೆಸರಿಟ್ಟಿರಬೇಕು. ದಾಸವಾಳದ ಎಲೆಯನ್ನು ಕಿವುಚಿ ತೆಗೆದ ಗೊಂಪು ತಲೆಗೂದಲಿಗೆ ಎಂಬುದು ತಾಯಂದಿರಿಗೆ ಗೊತ್ತೇ ಇದೆ. ಕೆಂಪು ದಾಸವಾಳದ ಎಸಳನ್ನು ಬಿಸಿನೀರಿನಲ್ಲಿ ನೆನೆಸಿದರೆ ಆ ನೀರು ನಿಂಬೆರಸಕ್ಕೆ ಕೆಂಪಾಗಿ, ಸುಣ್ಣದ ತಿಳಿಗೆ ಹಸುರಾಗಿ ತಿರುಗುತ್ತದೆ. ಆಮ್ಲ ಪ್ರತ್ಯಾಮ್ಲಗಳ ಪಾಠಕ್ಕೆ ಇದಕ್ಕಿಂತ ಅಗ್ಗದ ಸಾಮಗ್ರಿ ಎಲ್ಲಿದೆ?

ಇವೆಲ್ಲ ಅಜ್ಜಿಯರ ಕಾಲದ ಮಾತು, ಈಗ ಆಸ್ಪತ್ರೆಯಿದೆ, ಔಷಧದಂಗಡಿಯಿದೆ ಎಂದು ಕೆಲವು ಪೋಷಕರು ಹೇಳುವುದುಂಟು. ಜ್ವರ ಬಂದರೆ ವೈದ್ಯರಲ್ಲಿಗೇ ಹೋಗಬೇಕು. ಅದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಗಿಡದ ಹೆಸರಿನೊಂದಿಗೆ ಉಪಯೋಗ ಮಾತ್ರವಲ್ಲ, ಎಚ್ಚರಿಕೆಯೂ ಹೋಗುತ್ತದೆ ಎಂಬುದನ್ನು ಅವರು ಯೋಚಿಸಬೇಕು. ಕಣಗಿಲೆಯನ್ನೇ ನೋಡಿ. ಅಂಗಳದಂಚಿನಲ್ಲಿ ಮುದ್ದಾಗಿ ನಿಲ್ಲುವ ಆ ಗಿಡದ ಎಲೆ, ಹೂ, ತೊಗಟೆ ಎಲ್ಲವೂ ವಿಷ. ಹೃದಯದ ಬಡಿತವನ್ನೇ ಕೆಡಿಸುವಂಥದು. 2024ರ ಮೇ ತಿಂಗಳಲ್ಲಿ ತಿರುವಾಂಕೂರು ಮತ್ತು ಮಲಬಾರ್ ದೇವಸ್ವಂ ಮಂಡಳಿಗಳು ನೈವೇದ್ಯ, ಪ್ರಸಾದಗಳಲ್ಲಿ ಅದರ ಹೂವನ್ನು ಬಳಸಬಾರದೆಂದು ತೀರ್ಮಾನಿಸಿದವು. ಮಲಯಾಳಂ ಪತ್ರಿಕೆಗಳು ಅದನ್ನು 'ಅರಳಿ' ಎಂದೇ ಬರೆದವು. ಕನ್ನಡದಲ್ಲಿ ಅರಳಿಯೆಂದರೆ ಕಟ್ಟೆ ಕಟ್ಟಿ ಪ್ರದಕ್ಷಿಣೆ ಬರುವ ಅಶ್ವತ್ಥ! ಗಡಿನಾಡಿನ ನಮ್ಮ ಮಕ್ಕಳು ಎರಡು ಭಾಷೆಗಳ ನಡುವೆ ಬೆಳೆಯುವವರು. ಎರಡರಲ್ಲಿಯೂ ಗಿಡದ ಹೆಸರು ಸರಿಯಾಗಿ ತಿಳಿಯದಿದ್ದರೆ ಅಶ್ವತ್ಥಕ್ಕೆ ಹೆದರಿ ಕಣಗಿಲೆಯನ್ನು ಕಚ್ಚಿಯಾರು.

ಡಚ್ಚರ ಮಲಬಾರಿನ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡ್ ಇಲ್ಲಿಯ ಗಿಡಗಳ ವಿವರಗಳನ್ನು ಕೂಡಿಸಿ ಬರೆಸಿದ 'ಹೋರ್ತೂಸ್ ಮಲಬಾರಿಕುಸ್' 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಆಂಸ್ಟರ್‌ಡಾಂನಲ್ಲಿ ಅಚ್ಚಾಯಿತು. ವಿವರ ಹೇಳಿಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ನಾಟಿವೈದ್ಯರು, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಕೊಂಕಣಿ ವೈದ್ಯರು. ಕಡಲಾಚೆಯಿಂದ ಬಂದವನು ಕೂತು ಕೇಳಿದ. ನಾವು ಜಗಲಿಯಲ್ಲಿ ಕೂತ ಅಜ್ಜಿಯನ್ನು ಕೇಳುವುದಿಲ್ಲ.

ಆದುದರಿಂದ ಮುಂದಿನ ಓಣಂಗೆ ನಮ್ಮದೊಂದು ಸಲಹೆ. ಪೂಕ್ಕಳಂಗೆ ಪೇಟೆಯ ಹೂವು ಬೇಡ. ಮನೆಯಿಂದ ಶಾಲೆಗೆ ಬರುವ ದಾರಿಯಲ್ಲಿ ಸಿಕ್ಕಿದ ಹೂಗಳೇ ಆಗಲಿ; ತುಂಬೆ, ಕೇಪುಳ, ಶಂಖಪುಷ್ಪ, ಯಾವುದಾದರೂ. ಪ್ರತಿಯೊಂದು ಹೂವಿಗೂ ಕನ್ನಡ, ತುಳು, ಮಲಯಾಳಂ ಹೆಸರುಗಳು, ಮನೆಯ ಹಿರಿಯರು ಹೇಳಿದ ಉಪಯೋಗ, ವಿಷವಾದರೆ ಆ ಮಾತು, ಇಷ್ಟನ್ನು ಬರೆದ ಚೀಟಿಯಿರಲಿ. ಅಂಕಗಳಲ್ಲಿ ಅರ್ಧ ಚೀಟಿಗೆ. ಪೂಕ್ಕಳಂ ಸ್ವಲ್ಪ ಚಿಕ್ಕದಾದೀತು, ಬಣ್ಣವೂ ಕಡಿಮೆಯಾದೀತು. ಆಗಲಿ, ತೀರ್ಪುಗಾರರಿಗೆ ನಾವು ಮೊದಲೇ ಹೇಳಿಡುತ್ತೇವೆ.